ಹಂಗುಲ್ ಅಲ್ಲಿದೆ, ನಿಜ. ಆದರೆ ಯಾಕೆ ಅಲ್ಲಿದೆ?

ಬ್ಲಾಗಿಗೆ ಮುಖ ತೋರಿಸದೆ ನಾಲ್ಕು ತಿಂಗಳಾಯ್ತು. "ಇದ್ದೀಯೇನಪ್ಪಾ?" ಅಂತ ಒಂದಿಬ್ಬರು ಮೇಲ್ ಹಾಕಿ ವಿಚಾರಿಸಿಕೊಂಡರು. ಇದ್ದೇನೆ. ಆಫೀಸಿನಲ್ಲಿ ರಿಲೀಸು, ರಿಲೀಸಿನ ಹಿಂದೆ ಬಗ್ಗು, ಬಗ್ಗಿನ ಹಿಂದೆ ಮ್ಯಾನೇಜರು... ಹೀಗೇ ಕಾಲ ಹೋಯ್ತು. ಕಳೆದ ಅಕ್ಟೋಬರಿನ ಕಾಶ್ಮೀರ ಪ್ರವಾಸದ ಬಗ್ಗೆ ಫೋಟೋ ಸಮೇತ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ, ಅದೂ ಬಾಕಿ ಇದೆ. ಇವತ್ತು ಬರೆಯುತ್ತಿರುವುದು ಪ್ರವಾಸಕಥನ ಅಲ್ಲ. ಸಿಟ್ಟು ಬಂದಿದೆ, ಅದನ್ನು ಇಳಿಸಿಕೊಳ್ಳುವುದಕ್ಕೆ ನನಗೆ ಗೊತ್ತಿರುವ ಜಾಗ ಇದೊಂದೇ :)

ಆದದ್ದಿಷ್ಟು. ನಮ್ಮ ಕಾಲೇಜು ಗೆಳೆಯರ ಗುಂಪಿಗೆ ಯಾರೋ ಒಂದು ಹಳೇ ಸುದ್ದಿ ಫಾರ್ವರ್ಡ್ ಮಾಡಿದ್ದರು. ಕಾಶ್ಮೀರದ ಹಂಗುಲ್ ಜಿಂಕೆಯ ಸಂಖ್ಯೆ 2023ರ ಎಣಿಕೆಯಲ್ಲಿ 289ಕ್ಕೆ ಏರಿದೆ ಅನ್ನುವ ಸುದ್ದಿ. ಕೆಳಗೆ ಸಾಲುಸಾಲು ಚಪ್ಪಾಳೆ. ನಾನು ಸುಮ್ಮನಿರಲಾರದೆ, "ಸಂತೋಷ, ಆದರೆ ಎಲ್ಲಾ ಒಂದೇ ಕಣಿವೇಲಿ ಇರೋದು ಅಪಾಯ ಅಲ್ವಾ?" ಅಂದೆ. ತಕ್ಷಣ ಉತ್ತರ ಬಂತು: "ಅಲ್ಲಿ ಅದಕ್ಕೆ ಇಷ್ಟ, ಅದಕ್ಕೇ ಅಲ್ಲಿದೆ. ಬೇರೆ ಕಡೆ ಬೇಕಿದ್ರೆ ಅದೇ ಹೋಗ್ತಿರಲಿಲ್ವಾ?"

ಈ ಒಂದು ವಾಕ್ಯಕ್ಕೆ ಉತ್ತರವಾಗಿ ಈ ಇಡೀ ಪೋಸ್ಟು. ಹೇಳಿದ್ದು ನನ್ನ ಗೆಳೆಯನೇ, ಒಳ್ಳೆಯವನೇ. ಆದರೆ ಇದೇ ಮಾತನ್ನು ಸ್ವಲ್ಪ ಗಂಭೀರ ಭಾಷೆಯಲ್ಲಿ ದೊಡ್ಡವರೂ ಆಡುತ್ತಾರೆ. ಆಗ ಅದರ ಪರಿಣಾಮ ಬೇರೆಯೇ ಆಗುತ್ತದೆ.

ಹಂಗುಲ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಶ್ಮೀರದ ಸಾರಂಗ. ನಮ್ಮ ಕಾಡಿನ ಕಡವೆಗಿಂತ ಬೇರೆ. ಯುರೋಪಿನ ಕೆಂಪು ಜಿಂಕೆಯ ನಂಟಿನದು. ವಂಶವಾಹಿ ನೋಡಿದ ಮೇಲೆ ಈಗ ಇದನ್ನು ಮಧ್ಯ ಏಷ್ಯಾದ ಬುಖಾರಾ ಮತ್ತು ಯಾರ್ಕಂದ್ ಜಿಂಕೆಗಳ ಜೊತೆ ಸೇರಿಸಿ ಬೇರೆಯದೇ ಪ್ರಭೇದ ಅನ್ನುತ್ತಾರೆ. ಗಂಡಿಗೆ ಹತ್ತಕ್ಕೂ ಹೆಚ್ಚು ಕವಲಿನ ಕೊಂಬು. ಜಮ್ಮು-ಕಾಶ್ಮೀರದ ರಾಜ್ಯಪ್ರಾಣಿ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಅತ್ಯಂತ ಗಂಭೀರ ಸ್ಥಿತಿಯ ಗುಂಪಿನಲ್ಲಿದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ 3000ದಿಂದ 5000 ಇದ್ದವು ಅನ್ನುವ ಅಂದಾಜಿದೆ. 1970ರ ಸುಮಾರಿಗೆ 150ರ ಆಸುಪಾಸಿಗೆ ಇಳಿದಿತ್ತು. 2004ರಲ್ಲಿ 197, 2015ರಲ್ಲಿ 186, 2019ರಲ್ಲಿ 237, 2021ರಲ್ಲಿ 261, 2023ರಲ್ಲಿ 289. ಏರಿದೆ, ಇಲ್ಲ ಅನ್ನುತ್ತಿಲ್ಲ. ಮೈನಸ್ ಡಿಗ್ರಿ ಚಳಿಯಲ್ಲಿ ಕಾಡು ಕಾಯ್ದ ಗಾರ್ಡುಗಳಿಗೆ ಅದರ ಶ್ರೇಯಸ್ಸು ಸಲ್ಲಬೇಕು.

ಆದರೆ ಇನ್ನೊಂದು ಲೆಕ್ಕ ನೋಡಿ. ಒಂದು ಕಾಲದಲ್ಲಿ ಈ ಜಿಂಕೆ ಉತ್ತರಕ್ಕೆ ಕಿಶನ್‌ಗಂಗಾ ಕಣಿವೆಯಿಂದ ಹಿಡಿದು ಲೋಲಾಬ್, ಬಾಂಡಿಪೋರಾ, ಸಿಂಧ್ ಕಣಿವೆ, ತ್ರಾಲ್, ಕಿಶ್ತವಾಡ, ಆಚೆಗೆ ಹಿಮಾಚಲದ ಚಂಬಾದವರೆಗೆ ಬೆಟ್ಟಸಾಲಿನುದ್ದಕ್ಕೂ ಇತ್ತು. ಈಗ ಉಳಿದಿರುವುದರಲ್ಲಿ ಬಹುಪಾಲು ಶ್ರೀನಗರದ ಮಗ್ಗುಲಿಗಿರುವ ದಾಚಿಗಾಮ್ ರಾಷ್ಟ್ರೀಯ ಉದ್ಯಾನದಲ್ಲಿ. ಅದರ ವಿಸ್ತೀರ್ಣ 141 ಚದರ ಕಿಲೋಮೀಟರ್. ಆ 141ರಲ್ಲೂ ಎಲ್ಲಾ ಕಡೆ ಇಲ್ಲ. ಹೆಚ್ಚಾಗಿ ಕೆಳಭಾಗದಲ್ಲಿ.

ಇಲ್ಲಿ ದಾಚಿಗಾಮ್ ಹೇಗಿದೆ ಅಂತ ಹೇಳಬೇಕು. ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗಲ್ಲ. ಒಂದು ಉದ್ದನೆಯ ಕಣಿವೆ, ನಡುವೆ ದಗವಾನ್ ಹೊಳೆ. ಹೊಳೆ ಮೇಲೆ ಮಾರ್ಸರ್ ಸರೋವರದಲ್ಲಿ ಹುಟ್ಟಿ ಕೆಳಗಿಳಿದು ಹಾರ್ವನ್ ಜಲಾಶಯ ಸೇರುತ್ತೆ. 1910ರಲ್ಲಿ ಮಹಾರಾಜರ ಆಡಳಿತ ಈ ಜಾಗವನ್ನು ರಕ್ಷಿಸಿದ್ದು ಜಿಂಕೆಗಾಗಿ ಅಲ್ಲ, ಶ್ರೀನಗರಕ್ಕೆ ಕುಡಿಯುವ ನೀರು ಶುದ್ಧವಾಗಿ ಬರಲಿ ಅಂತ. ದಾಚಿಗಾಮ್ ಅಂದರೆ ಹತ್ತು ಹಳ್ಳಿ. ಎಬ್ಬಿಸಿ ಕಳಿಸಿದ ಹಳ್ಳಿಗಳ ನೆನಪು ಹೆಸರಲ್ಲಷ್ಟೇ ಉಳಿದಿದೆ. ರಾಷ್ಟ್ರೀಯ ಉದ್ಯಾನ ಆದದ್ದು 1981ರಲ್ಲಿ.

ತಳದಲ್ಲಿ ಸುಮಾರು 1700 ಮೀಟರ್ ಎತ್ತರ, ತುದಿಯಲ್ಲಿ 4300 ಮೀಟರ್. ತಳದಲ್ಲಿ ಹೊಳೆದಂಡೆಯ ಕಾಡು: ವಿಲ್ಲೋ, ಹಿಪ್ಪುನೇರಳೆ, ಅಖ್ರೋಟ್, ಎಲ್ಮ್ ಮರಗಳು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹುಲ್ಲು, ಕುರುಚಲು. ಬಿಸಿಲು ಬೀಳುವುದರಿಂದ ಹಿಮ ಬೇಗ ಕರಗುತ್ತೆ. ಉತ್ತರಕ್ಕೆ ಮುಖ ಮಾಡಿದ ಕಡೆ ದಟ್ಟ ಕಾಡು. ಮೇಲಕ್ಕೆ ಹೋದ ಹಾಗೆ ನೀಲಿ ಪೈನ್, ಆಮೇಲೆ ಫರ್, ಆಮೇಲೆ ಭೂರ್ಜ, ಕೊನೆಗೆ ಮರಗಳೇ ಮುಗಿದು ಬರೀ ಹುಲ್ಲುಗಾವಲು, ಬಂಡೆ, ಹಿಮ. ಈ ಮೇಲಿನ ಹುಲ್ಲುಗಾವಲಿಗೇ ಮೇಲ್ ದಾಚಿಗಾಮ್ ಅನ್ನುವುದು. ಉದ್ಯಾನದ ಹೆಚ್ಚಿನ ಭಾಗ ಅದೇ.

ಹಂಗುಲ್ ಚಳಿಗಾಲದಲ್ಲಿ ಕೆಳಗೆ, ಬೇಸಿಗೆಯಲ್ಲಿ ಮೇಲೆ. ಇದು ಅದರ ಹಳೇ ಕ್ರಮ. ಈಗ ಬೇಸಿಗೆಯಲ್ಲೂ ಬಹುಪಾಲು ಕೆಳಗೇ ಇರುತ್ತವೆ.

ಅಕ್ಟೋಬರಿನಲ್ಲಿ ನಾವು ಮೂವರು ಅಲ್ಲಿಗೆ ಹೋಗಿದ್ದೆವು. ಅನುಮತಿ ಪತ್ರ ತೆಗೆದುಕೊಂಡು, ಬೆಳಿಗ್ಗೆ ಬೆಳಿಗ್ಗೆ ನಡುಗುತ್ತಾ ಒಳಗೆ ಹೊಕ್ಕೆವು. ಕ್ಯಾಮೆರಾ ಹೊತ್ತುಕೊಂಡು ಹೋದ ನಮಗೆ ಒಂದೇ ಒಂದು ಹಂಗುಲ್ ಕಾಣಲಿಲ್ಲ. ಕರಡಿಯ ಲದ್ದಿ ಕಂಡಿತು (ಅದರ ಫೋಟೋ ತೆಗೆದ ಗೆಳೆಯನನ್ನು ಇನ್ನೂ ಆಡಿಕೊಳ್ಳುತ್ತಿದ್ದೇವೆ). ಆದರೆ ಕೂಗು ಕೇಳಿಸಿತು. ಅದು ಗಂಡುಗಳು ಹೆಣ್ಣಿಗಾಗಿ ಕೂಗುವ ಕಾಲ. ಹೊಳೆಯ ಆಚೆ ಕಾಡಿನೊಳಗಿಂದ ಎಮ್ಮೆ ಕೂಗಿದ ಹಾಗೆ ಶುರುವಾಗಿ ಕಹಳೆಯ ಹಾಗೆ ಮೇಲಕ್ಕೇರಿ ನಿಂತಿತು. ನಮ್ಮ ಜೊತೆ ಬಂದಿದ್ದ ವಯಸ್ಸಾದ ಗಾರ್ಡ್ ಕೈಯೆತ್ತಿ ಸುಮ್ಮನಿರಿ ಅಂದರು. ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಇನ್ನೊಂದು ಕಡೆಯಿಂದ ಉತ್ತರ ಬರುತ್ತೇನೋ ಅಂತ ಕಾದೆವು. ಬರಲಿಲ್ಲ.

ನಾನು ಹಿಂದಿಯಲ್ಲಿ ಕೇಳಿದೆ, "ಚಾಚಾ, ಬೇಸಿಗೆಯಲ್ಲಿ ಬಂದರೆ ಮೇಲೆ ನೋಡಬಹುದಾ?" ಅವರು ನಕ್ಕರು. "ಬೇಸಿಗೆಯಲ್ಲಿ ಮೇಲೆ ಕುರಿ ನೋಡಬಹುದು" ಅಂದರು. ಆಗ ಅದು ಬರೀ ತಮಾಷೆ ಅನ್ನಿಸಿತ್ತು.

ಈಗ ಸ್ವಲ್ಪ ಆಫೀಸಿನ ಕಥೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಸಂಬಂಧ ಇದೆ.

ಎರಡು ವರ್ಷದ ಹಿಂದೆ ನಮ್ಮ ಒಂದು ಅಪ್ಲಿಕೇಶನ್ನಿನಲ್ಲಿ ಯಾವ ಯಾವ ಸೌಲಭ್ಯ ಎಷ್ಟು ಜನ ಬಳಸುತ್ತಾರೆ ಅಂತ ಲಾಗ್ ತೆಗೆದು ನೋಡುವ ಕೆಲಸ ನನಗೆ ಬಂತು. ಒಂದು ಪುಟವನ್ನು ಬಹುತೇಕ ಯಾರೂ ಬಳಸುತ್ತಿರಲಿಲ್ಲ. ನಾನೇ ಗ್ರಾಫ್ ಬರೆದೆ, ನಾನೇ ಮೀಟಿಂಗಿನಲ್ಲಿ ನಿಂತು "ಬಳಕೆದಾರರಿಗೆ ಇದು ಬೇಕಾಗಿಲ್ಲ" ಅಂದೆ. ಎಲ್ಲರೂ ತಲೆಯಾಡಿಸಿದರು. ತೆಗೆದು ಹಾಕಿದೆವು. ಎರಡು ವಾರಕ್ಕೆ ಒಂದು ಸಣ್ಣ ಊರಿನ ಅಂಗಡಿಯವರು ಫೋನು ಮಾಡಿ ಬೈದರು. "ಆ ಪುಟ ನಮ್ಮ ಕಡೆ ನೆಟ್ಟಿಗೆ ತೆರೆಯೋದೇ ಇಲ್ಲ ಸಾರ್. ಒತ್ತಿ ಒತ್ತಿ ಸಾಕಾಗಿ ಬಿಟ್ವಿ. ಇವತ್ತು ಸರಿಹೋಗುತ್ತೆ ನಾಳೆ ಸರಿಹೋಗುತ್ತೆ ಅಂತ ಕಾಯ್ತಿದ್ರೆ ನೀವು ಕಿತ್ತೇ ಹಾಕಿದ್ರಲ್ಲ!"

ಲಾಗ್ ಸುಳ್ಳು ಹೇಳಿರಲಿಲ್ಲ. ಅವರು ಆ ಪುಟ ಬಳಸಿರಲಿಲ್ಲ, ಅದು ಸತ್ಯ. ಅವರಿಗೆ ಅದು ಬೇಡ ಅಂದದ್ದು ಲಾಗ್ ಅಲ್ಲ, ನಾನು. ಬಳಸಿಲ್ಲ ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ನಡುವೆ ಒಂದು ಮುಚ್ಚಿದ ಬಾಗಿಲಿತ್ತು. ನನ್ನ ಗ್ರಾಫಿನಲ್ಲಿ ಆ ಬಾಗಿಲಿಗೆ ಒಂದು ಕಾಲಮ್ಮೇ ಇರಲಿಲ್ಲ.

ಪ್ರಾಣಿಗಳ ಆವಾಸದ ಬಳಕೆ ಅಧ್ಯಯನ ಮಾಡುವುದೂ ಹೆಚ್ಚುಕಡಿಮೆ ಹೀಗೇ. ಕಾಡಿನಲ್ಲಿ ಗೆರೆ ಹಾಕಿಕೊಂಡು ನಡೆಯುತ್ತಾರೆ. ಹಿಕ್ಕೆ, ಹೆಜ್ಜೆ ಗುರುತು, ಕಂಡ ಪ್ರಾಣಿ, ಎಲ್ಲಾ ಬರೆದುಕೊಳ್ಳುತ್ತಾರೆ. ಕಂಡ ಜಾಗದಲ್ಲಿ ಚೌಕ ಗುರುತು ಮಾಡಿ ಮರ ಯಾವುದು, ನೆರಳು ಎಷ್ಟು, ಪೊದೆ ಎಷ್ಟು, ಹುಲ್ಲು ಎಷ್ಟು ಎತ್ತರ, ಇಳಿಜಾರು ಎಷ್ಟು, ನೀರು ಎಷ್ಟು ದೂರ ಅಂತ ಅಳೆಯುತ್ತಾರೆ. ಆಮೇಲೆ ಒಟ್ಟು ಪ್ರದೇಶದಲ್ಲಿ ಯಾವ ತರಹದ ಜಾಗ ಎಷ್ಟಿದೆ, ಪ್ರಾಣಿ ಅದರಲ್ಲಿ ಎಷ್ಟು ಬಳಸಿದೆ ಅಂತ ಹೋಲಿಸುತ್ತಾರೆ. ಉದಾಹರಣೆಗೆ, ನೂರಕ್ಕೆ ಹತ್ತು ಪಾಲು ಹೊಳೆದಂಡೆಯ ಕಾಡಿದ್ದು, ನೂರಕ್ಕೆ ನಲವತ್ತು ಹಿಕ್ಕೆ ಅಲ್ಲೇ ಸಿಕ್ಕರೆ ಪ್ರಾಣಿ ಅದನ್ನು ಹುಡುಕಿಕೊಂಡು ಹೋಗುತ್ತಿದೆ ಅಂತ ಅರ್ಥ. ಹುಲ್ಲುಗಾವಲು ನೂರಕ್ಕೆ ಮೂವತ್ತಿದ್ದು ಹಿಕ್ಕೆ ಎರಡೇ ಸಿಕ್ಕರೆ ಅದನ್ನು ತಪ್ಪಿಸುತ್ತಿದೆ ಅಂತ.

ಕಷ್ಟದ ಕೆಲಸ, ಬೇಕಾದ ಕೆಲಸ. ನನ್ನ ತಕರಾರು ಬೆಟ್ಟ ಹತ್ತಿ ಹಿಕ್ಕೆ ಎಣಿಸುವವರ ಮೇಲಲ್ಲ. ಮೇಲಿನ ಹುಲ್ಲುಗಾವಲಿನಲ್ಲಿ ಕುರಿ ತುಂಬಿರುವುದರಿಂದ ಹಂಗುಲ್‌ಗೆ ತೊಂದರೆ ಅಂತ ವರ್ಷಗಳಿಂದ ಹೇಳುತ್ತಾ ಬಂದವರೇ ಅವರು. ತಕರಾರು ಇರುವುದು ವರದಿಯ ನಡುಪುಟ ಬಿಟ್ಟು ಕೊನೆಯ ನಕ್ಷೆ ಮಾತ್ರ ನೋಡುವವರ ಮೇಲೆ. ನಕ್ಷೆಯಲ್ಲಿ ಹುಲ್ಲುಗಾವಲು 'ಲಭ್ಯ' ಅಂತ ಇರುತ್ತೆ. ಯಾರಿಗೆ ಲಭ್ಯ? ನಾಯಿ ಕಾವಲಿರುವ, ಕುರಿ ಮೇಯುತ್ತಿರುವ, ಮನುಷ್ಯರ ಡೇರೆ ಇರುವ ಹುಲ್ಲುಗಾವಲು ಜಿಂಕೆಗೆ ಲಭ್ಯವಲ್ಲ. ಅದು ನಮ್ಮ ಅಪ್ಲಿಕೇಶನ್ನಿನ ತೆರೆಯದ ಪುಟ.

"ಮೇಲೆ ಹೋಗದಿದ್ದರೆ ಏನೀಗ, ಕೆಳಗೂ ಹುಲ್ಲಿದೆಯಲ್ಲ" ಅನ್ನಬಹುದು. ಇಲ್ಲೇ ಗಿಡಮರದ ವಿಷಯ ಬರುವುದು. ಹಸಿರು ಎಲ್ಲಾ ಒಂದೇ ಅಲ್ಲ. ಹುಲ್ಲು ಚಿಗುರಿದಾಗ ಅದರಲ್ಲಿ ಪ್ರೋಟೀನು ಜಾಸ್ತಿ, ನಾರು ಕಡಿಮೆ. ಬಲಿತ ಹಾಗೆ ಉಲ್ಟಾ. ನಮ್ಮ ಮನೆಯಲ್ಲಿ ಎಳೇ ಹುರುಳಿಕಾಯಿಗೂ ಬಲಿತದ್ದಕ್ಕೂ ಅಮ್ಮ ಮುಖ ಮಾಡುವ ವ್ಯತ್ಯಾಸ ಇದೆಯಲ್ಲ, ಹಾಗೆ. ಬೆಟ್ಟದಲ್ಲಿ ಹಿಮ ಒಂದೇ ಸಲ ಕರಗಲ್ಲ. ಕೆಳಗಿಂದ ಮೇಲಕ್ಕೆ ಕರಗುತ್ತಾ ಹೋಗುತ್ತೆ. ಅದರ ಹಿಂದೆಯೇ ಚಿಗುರು ಮೇಲಕ್ಕೆ ಹತ್ತುತ್ತೆ. ಆ ಹಸಿರಿನ ಅಲೆಯ ಬೆನ್ನು ಹಿಡಿದು ಹತ್ತುವ ಜಿಂಕೆಗೆ ಒಂದು ವಸಂತ ಅಲ್ಲ, ಮೂರ್ನಾಲ್ಕು ತಿಂಗಳು ಬರೀ ವಸಂತ. ಕೆಳಗೇ ಉಳಿದದ್ದಕ್ಕೆ ಕೆಲವೇ ವಾರ, ಆಮೇಲೆ ನಾರು.

ಇದು ಯಾವ ತಿಂಗಳಲ್ಲಿ ಅನ್ನುವುದೂ ಮುಖ್ಯ. ಹಂಗುಲ್ ಮರಿ ಹಾಕುವುದು ಮೇ-ಜೂನ್‌ನಲ್ಲಿ. ಹಾಲೂಡುವ ತಾಯಿಗೆ ಹೊಟ್ಟೆ ತುಂಬ ಒಳ್ಳೆಯ ಮೇವು ಬೇಕಾದ ಕಾಲ ಅದೇ. ಗಂಡಿನ ಕೊಂಬು ಮಾರ್ಚ್-ಏಪ್ರಿಲ್‌ನಲ್ಲಿ ಉದುರಿ ಮತ್ತೆ ಮೊದಲಿಂದ ಬೆಳೆಯುವುದೂ ಆ ತಿಂಗಳುಗಳಲ್ಲೇ. ಮುಂದಿನ ಹಿಮಗಾಲಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ್ದೂ ಆಗಲೇ. ಕುರಿಮಂದೆಗಳು ಮೇಲಿನ ಹುಲ್ಲುಗಾವಲಿಗೆ ಬರುವುದು? ಅದೇ ಸುಮಾರಿಗೆ. ಇಳಿಯುವುದು ಸೆಪ್ಟೆಂಬರ್ ಹೊತ್ತಿಗೆ. ಜಿಂಕೆಗೆ ಬೆಟ್ಟ ಬೇಕಾದ ತಿಂಗಳುಗಳಲ್ಲೇ ಬೆಟ್ಟಕ್ಕೆ ಬೀಗ.

ಇನ್ನೂ ಒಂದಿದೆ. ವರ್ಷಾನುಗಟ್ಟಲೆ ಕುರಿ ಮೇಯ್ದ ಹುಲ್ಲುಗಾವಲು ಮೊದಲಿನ ಹಾಗೇ ಉಳಿಯಲ್ಲ. ಕುರಿಗೆ ರುಚಿಸುವ ಗಿಡಗಳು ಬೀಜ ಕಟ್ಟುವ ಮೊದಲೇ ಖಾಲಿ. ರುಚಿಸದ್ದು ಹಬ್ಬುತ್ತೆ. ದೊಡ್ಡಿಗಳ ಸುತ್ತ ಗೊಬ್ಬರ ಬಿದ್ದ ಕಡೆ ರ್‍ಯೂಮೆಕ್ಸ್ ತರಹದ ಅಗಲ ಎಲೆಯ ಕಳೆ ಕೊಬ್ಬಿ ಬೆಳೆಯುತ್ತೆ. ದೂರದಿಂದ ಫೋಟೋ ತೆಗೆದರೆ ಹಚ್ಚಹಸಿರು, ಲೈಕುಗಳ ಸುರಿಮಳೆ. ತಿನ್ನುವವರಿಗೆ ಮಾತ್ರ ಗೊತ್ತು ತಟ್ಟೆ ಖಾಲಿ ಅಂತ. ನಾಳೆ ಕುರಿ ತೆಗೆದು, ನಾಡಿದ್ದೇ ಹೋಗಿ ಹಿಕ್ಕೆ ಹುಡುಕಿ, "ನೋಡಿ, ಈಗಲೂ ಜಿಂಕೆ ಬಂದಿಲ್ಲ, ಅದಕ್ಕೆ ಬೇಡ" ಅನ್ನುವ ಜಾಣರೂ ಹುಟ್ಟಿಕೊಳ್ಳುತ್ತಾರೆ. ಅವರಿಗೂ ಈಗಲೇ ಹೇಳಿಡುತ್ತಿದ್ದೇನೆ.

ಈ ಹಂತದಲ್ಲಿ ಕೆಲವರು "ಹಾಗಾದ್ರೆ ಆ ಕುರಿಗಾಹಿಗಳನ್ನ ಒದ್ದೋಡಿಸಿ" ಅಂತ ಎದ್ದು ನಿಲ್ಲುತ್ತಾರೆ. ಸ್ವಲ್ಪ ಕೂತ್ಕೊಳ್ಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗುಜ್ಜರ್-ಬಕರ್ವಾಲರು ತಲೆಮಾರುಗಳಿಂದ ಚಳಿಗಾಲಕ್ಕೆ ಜಮ್ಮು ಕಡೆಯ ತಗ್ಗಿಗೆ, ಬೇಸಿಗೆಗೆ ಕಾಶ್ಮೀರದ ಎತ್ತರಕ್ಕೆ ನಡೆದೇ ಬರುವವರು. ಅವರೂ ಹಸಿರಿನ ಅಲೆಯ ಹಿಂದೆಯೇ ಹೋಗುವವರು, ಜಿಂಕೆಯ ಹಾಗೆ. 1991ರಿಂದ ಪರಿಶಿಷ್ಟ ಪಂಗಡ. ಗಲಾಟೆಯ ವರ್ಷಗಳಲ್ಲಿ, ಗಡಿಯ ಕಾರಣಕ್ಕೆ, ಸೇನೆಯ ಕಾರಣಕ್ಕೆ ಎಷ್ಟೋ ಹುಲ್ಲುಗಾವಲಿಗೆ ಹೋಗುವುದೇ ಕಷ್ಟವಾಯಿತು. ಬಡಗಾಮ್ ಜಿಲ್ಲೆಯ ತೋಸಾಮೈದಾನ್ ಅನ್ನುವ ದೊಡ್ಡ ಹುಲ್ಲುಗಾವಲು 1964ರಿಂದ 2014ರವರೆಗೆ ಫಿರಂಗಿ ಅಭ್ಯಾಸದ ಮೈದಾನವಾಗಿತ್ತು. ಐವತ್ತು ವರ್ಷ! ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದರೆ ಕುರಿ ಎಲ್ಲಿ ಹೋಗಬೇಕು? ತೆರೆದಿರುವ ಕಡೆ ಎಲ್ಲಾ ಒಟ್ಟಿಗೆ ನುಗ್ಗುತ್ತವೆ.

ಅಷ್ಟಕ್ಕೂ ಬಡ ಕುರಿಗಾಹಿಗೆ ಬುದ್ಧಿ ಹೇಳುವ ಮೊದಲು ಸರ್ಕಾರ ತನ್ನ ಅಂಗಳ ನೋಡಿಕೊಳ್ಳಬೇಕಿತ್ತು. ದಾಚಿಗಾಮ್ ಒಳಗೇ ದಶಕಗಳ ಕಾಲ ಸರ್ಕಾರದ್ದೇ ಕುರಿ ಸಾಕಣೆ ಕೇಂದ್ರ ಇತ್ತು. ರಾಷ್ಟ್ರೀಯ ಉದ್ಯಾನದೊಳಗೆ, ಅಳಿವಿನಂಚಿನ ಜಿಂಕೆಯ ಚಳಿಗಾಲದ ಜಾಗದ ಪಕ್ಕದಲ್ಲಿ, ಸರ್ಕಾರಿ ಕುರಿ. ಟ್ರೌಟ್ ಮೀನಿನ ಮರಿ ಮಾಡಿಸುವ ಕೇಂದ್ರವೂ ಒಳಗೇ. ಉದ್ಯಾನದಿಂದ ಹೊರಬಂದು ಖ್ರೂ, ಖೋನಮೋಹ್ ಕಡೆ ತಿರುಗಿದರೆ ಸಿಮೆಂಟ್ ಕಾರ್ಖಾನೆ, ಸುಣ್ಣಕಲ್ಲಿನ ಕ್ವಾರಿ, ಧೂಳು. ಹಂಗುಲ್ ತ್ರಾಲ್ ಕಡೆಗೆ ಹೋಗಬೇಕಾದ ದಿಕ್ಕು ಅದು.

ನನ್ನ ಗೆಳೆಯನ ವಾಕ್ಯ ಅಪಾಯಕಾರಿ ಆಗುವುದು ಇಲ್ಲೇ. "ಅದಕ್ಕೆ ಇಷ್ಟ, ಅದಕ್ಕೇ ಅಲ್ಲಿದೆ" ಅಂತ ಒಪ್ಪಿಕೊಂಡ ಕೂಡಲೇ, ಅದು ಇಲ್ಲದ ಕಡೆಯೆಲ್ಲಾ ಅದಕ್ಕೆ ಬೇಡವಾದ ಜಾಗ ಆಗುತ್ತೆ. ಬೇಡವಾದ ಜಾಗದಲ್ಲಿ ಕ್ವಾರಿ ಮಾಡಿದರೆ ಏನು ತಪ್ಪು, ರಸ್ತೆ ಮಾಡಿದರೆ ಏನು ತಪ್ಪು? ಮೊದಲು ಓಡಿಸುವುದು, ಓಡಿಹೋಗಿ ಬಚ್ಚಿಟ್ಟುಕೊಂಡ ಜಾಗಕ್ಕೆ 'ನೈಸರ್ಗಿಕ ಆವಾಸ' ಅಂತ ಬೋರ್ಡು ಹಾಕುವುದು, ಆಮೇಲೆ ಉಳಿದದ್ದನ್ನು ಹಂಚಿಕೊಳ್ಳುವುದು. ಬೋರ್ಡು ಹಾಕಿದ ಮೇಲೆ ಓಡಿಸಿದ್ದು ಯಾರಿಗೂ ನೆನಪಿರಲ್ಲ.

ಇದು ಕಾಶ್ಮೀರದ ಕಥೆ ಮಾತ್ರ ಅಲ್ಲ. ಭೂಗೋಳದ ಆ ತುದಿಯಲ್ಲಿ, ಚಿಲಿ ಮತ್ತು ಅರ್ಜೆಂಟೀನಾದ ಆಂಡೀಸ್ ಬೆಟ್ಟಗಳಲ್ಲಿ ಹ್ಯೂಮುಲ್ ಅಂತ ಒಂದು ಜಿಂಕೆ ಇದೆ. ಅದೂ ಅಳಿವಿನಂಚಿನದ್ದೇ, ಉಳಿದಿರುವುದು ಸುಮಾರು ಒಂದೂವರೆ ಸಾವಿರ ಅನ್ನುತ್ತಾರೆ. ಚಿಲಿಯ ರಾಷ್ಟ್ರಲಾಂಛನದಲ್ಲಿ 1834ರಿಂದ ಕಿರೀಟ ಹಾಕಿಕೊಂಡು ನಿಂತಿದೆ ಪಾಪ. ಇದರ ಬಗ್ಗೆ ಮನುಷ್ಯರು ಮಾಡಿದ ತಪ್ಪುಗಳೇ ಒಂದು ಹಾಸ್ಯನಾಟಕ. 1782ರಲ್ಲಿ ಇದಕ್ಕೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟ ಮೊಲಿನಾ ಇದನ್ನು ಸೀಳು ಗೊರಸಿನ ಕುದುರೆ ಅಂತ ಕುದುರೆಗಳ ಗುಂಪಿಗೆ ಸೇರಿಸಿಬಿಟ್ಟ. ಆ ತಪ್ಪು ತಿದ್ದಿಯಾಯ್ತು. ಆಮೇಲೆ ಎತ್ತರದ ಕಡಿದಾದ ಬೆಟ್ಟಗಳಲ್ಲೇ ಹೆಚ್ಚಾಗಿ ಕಾಣುತ್ತಿದ್ದುದರಿಂದ, ಗಿಡ್ಡ ಕಾಲು, ಗಟ್ಟಿ ಮೈ ನೋಡಿ, ಇದು ಬೆಟ್ಟಕ್ಕಾಗಿಯೇ ಹುಟ್ಟಿದ ಜಿಂಕೆ ಅಂದರು.

ಅದನ್ನು ಪ್ರಶ್ನಿಸಿದವರು ಅರ್ಜೆಂಟೀನಾದಲ್ಲಿ ಕೆಲಸ ಮಾಡಿದ ವರ್ನರ್ ಫ್ಲೂಕ್ ಮತ್ತು ಜೋಆನ್ ಸ್ಮಿತ್-ಫ್ಲೂಕ್. ಹಳೆಯ ದಾಖಲೆಗಳಲ್ಲಿ ಹ್ಯೂಮುಲ್ ಕಾಡಿನಂಚಿನ ಹುಲ್ಲುಬಯಲಿನಲ್ಲೂ ಇತ್ತು. ಬಂದೂಕು, ದನ, ಬೇಲಿ ಬಂದಮೇಲೆ ಉಳಿದವು ಮನುಷ್ಯ ಸುಲಭವಾಗಿ ಹತ್ತಲಾರದ ಕಡೆ ಉಳಿದವು. ತಗ್ಗಿಗೆ ಇಳಿಯುವ ಹಾದಿ ಕಳೆದುಕೊಂಡವು ಅನ್ನುವುದು ಅವರ ವಾದ. ಸತ್ತ ಹ್ಯೂಮುಲ್‌ಗಳ ದವಡೆ, ಮೂಳೆಗಳಲ್ಲಿ ಕಂಡ ರೋಗಕ್ಕೂ, ಬೆಟ್ಟದ ಮೇಲಿನ ಮೇವಿನಲ್ಲಿ ಸೆಲೆನಿಯಂ ಥರದ ಖನಿಜ ಸಾಲದಿರುವುದಕ್ಕೂ ಅವರು ಸಂಬಂಧ ನೋಡಿದ್ದಾರೆ. ಇತ್ತ ಚಿಲಿಯ ಬರ್ನಾರ್ಡೋ ಒ'ಹಿಗಿನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ, ಮನುಷ್ಯರ ಕಾಟ ತೀರಾ ಕಡಿಮೆ ಇರುವ ಕಡಲ ತೋಳುಗಳ ದಂಡೆಯಲ್ಲಿ, ಇದೇ 'ಬೆಟ್ಟದ ಜಿಂಕೆ' ಸಮುದ್ರಮಟ್ಟದ ಕಣಿವೆಗಳಲ್ಲಿ ಆರಾಮಾಗಿ ಮೇಯುತ್ತೆ. ಯಾರೂ ಓಡಿಸದಿದ್ದರೆ ಅದು ಎಲ್ಲಿ ನಿಲ್ಲುತ್ತೆ ಅಂತ ನೋಡಬೇಕಿದ್ದರೆ ಅಲ್ಲಿ ನೋಡಬೇಕು. ಹ್ಯೂಮುಲ್‌ಗೆ ತಗ್ಗಿನ ಬಾಗಿಲು ಮುಚ್ಚಿತು, ಹಂಗುಲ್‌ಗೆ ಮೇಲಿನದು. ದಿಕ್ಕು ಬೇರೆ, ಬೀಗ ಒಂದೇ.

ಆ ಚಿಲಿಯ ಉದ್ಯಾನದ ಕಥೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಅಷ್ಟು ದೂರದ ಜಾಗಕ್ಕೂ ಒಮ್ಮೆ ದನಗಳನ್ನು ಬಿಟ್ಟಿದ್ದರು. ಅಲ್ಲಿನ ಹ್ಯೂಮುಲ್‌ಗಳಿಗೆ ಕಾಲು ಊದಿ ನಡೆಯಲಾರದ ರೋಗ ಬಂತು. ಸಾಕುಪ್ರಾಣಿಗಳಲ್ಲಿ ಕಾಣುವ ಪಾರಾಪಾಕ್ಸ್ ಜಾತಿಯ ವೈರಸ್ಸು ಅದರಲ್ಲಿ ಸಿಕ್ಕಿತು. ಈಗ ದಾಚಿಗಾಮ್ ನೆನಪಿಸಿಕೊಳ್ಳಿ. 2023ರ ಎಣಿಕೆಯ ಪ್ರಕಾರ 289 ಜಿಂಕೆ, ಬಹುಪಾಲು ಒಂದೇ ಕಣಿವೆ, ಅದೇ ನೀರು, ಅದೇ ದಾರಿ, ಪಕ್ಕದಲ್ಲೇ ಕುರಿ, ನಾಯಿ. ಒಂದು ಕೆಟ್ಟ ರೋಗ ಬಂದರೆ ಎಣಿಕೆಯ ಗ್ರಾಫು ಎಷ್ಟು ಚೆನ್ನಾಗಿ ಏರಿತ್ತು ಅನ್ನುವುದು ಯಾವ ಉಪಯೋಗಕ್ಕೂ ಬರಲ್ಲ. ಒಂದೇ ಸರ್ವರಿನಲ್ಲಿ ಎಲ್ಲಾ ಡೇಟಾ ಇಟ್ಟು, ಬ್ಯಾಕಪ್ ಇಲ್ಲದೆ, "ಯೂಸರ್ಸ್ ಜಾಸ್ತಿ ಆಗಿದ್ದಾರೆ" ಅಂತ ಕೇಕ್ ಕತ್ತರಿಸುವ ಕಂಪನಿಯಲ್ಲಿ ನೀವು ಕೆಲಸ ಮಾಡ್ತೀರಾ?

"ಬೇಲಿಯೊಳಗೆ ಮರಿ ಮಾಡಿಸಿ ಹೊರಗೆ ಬಿಡೋಣ" ಅನ್ನುವ ಯೋಚನೆಯೂ ಇದೆ. ತ್ರಾಲ್ ಬಳಿಯ ಶಿಕಾರ್‌ಗಾದಲ್ಲಿ ಅದಕ್ಕಾಗಿ ಕೇಂದ್ರ ಅಂತ ಯೋಜನೆ ಹಾಕಿಕೊಂಡಿದ್ದೂ ಆಯ್ತು. ವಿರೋಧ ಇಲ್ಲ. ಆದರೆ ಹೊರಗೆ ಅಂದರೆ ಎಲ್ಲಿ? ಬಿಡುವುದಕ್ಕೆ ಒಂದು ಬೆಟ್ಟ ಬೇಕಲ್ಲ ಸ್ವಾಮೀ. ಬೆಟ್ಟ ಖಾಲಿ ಮಾಡಿಸಿಕೊಳ್ಳದೆ ಮರಿ ಮಾಡಿಸಿದರೆ ಅದು ಮೃಗಾಲಯ.

ನನ್ನ ವಾದಕ್ಕೆ ಅತಿ ದೊಡ್ಡ ಸಾಕ್ಷಿ ಹಂಗುಲ್‌ಗಳೇ. 2013ರಿಂದೀಚೆಗೆ ಕೆಲವಕ್ಕೆ ಉಪಗ್ರಹಕ್ಕೆ ಸಂಕೇತ ಕಳಿಸುವ ಕಾಲರ್ ಹಾಕಿದರು. ಅವು ಉದ್ಯಾನದ ಗಡಿ ದಾಟಿ ಸಿಂಧ್ ಕಣಿವೆಯ ಕಡೆಗೆ ಓಡಾಡಿದ್ದು ಕಂಡಿತು. ಅಂದರೆ ಒತ್ತಿ ಒತ್ತಿ ನೋಡುತ್ತಿವೆ. ಪುಟ ತೆರೆಯುತ್ತಾ ಅಂತ. ಬೇರೆ ಕಡೆ ಬೇಕಿದ್ದರೆ ಅದೇ ಹೋಗುತ್ತಿರಲಿಲ್ಲವಾ ಅಂತ ಕೇಳಿದೆಯಲ್ಲ ಗೆಳೆಯಾ, ಹೋಗುತ್ತಿದೆ. ನಾವೇ ನೋಡುತ್ತಿಲ್ಲ.

ಬರೀ ಬೈದು ಹೋದ ಅನ್ನಿಸಿಕೊಳ್ಳಬಾರದು, ಅದಕ್ಕೆ ನನಗೆ ತೋಚಿದ್ದು ಹೇಳುತ್ತೇನೆ. ಮೊದಲನೆಯದು, ಮೇಲ್ ದಾಚಿಗಾಮ್‌ನ ಒಂದು ದೊಡ್ಡ ಪಾಲನ್ನಾದರೂ ಮೇಯಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಜಿಂಕೆಗೆ ಬಿಡಬೇಕು. ಅದಕ್ಕೆ ಬದಲಾಗಿ ಬಕರ್ವಾಲರಿಗೆ ಬೇರೆ ಹುಲ್ಲುಗಾವಲು, ಹೋಗುವ ದಾರಿ, ಕುರಿಗಳಿಗೆ ಲಸಿಕೆ, ಎಲ್ಲಾ ಮೊದಲೇ ಕೊಟ್ಟು, ಅವರ ಜೊತೆ ಕೂತು ಮಾತಾಡಿ. ಅರಣ್ಯ ಹಕ್ಕು ಕಾಯ್ದೆ ಈಗ ಅಲ್ಲಿಗೂ ಅನ್ವಯಿಸುತ್ತೆ. ಲಾಠಿ ಹಿಡಿದು ಮಾಡುವ ಕೆಲಸ ಇದಲ್ಲ. ಎರಡನೆಯದು, ಖಾಲಿ ಬಿಟ್ಟ ಹುಲ್ಲುಗಾವಲಿನಲ್ಲಿ ವರ್ಷ ವರ್ಷ ಗಿಡಗಳ ಲೆಕ್ಕವೂ ಆಗಲಿ, ಯಾವುದು ಮರಳಿ ಬಂತು, ಯಾವುದು ಬರಲಿಲ್ಲ ಅಂತ. ಜಿಂಕೆಯ ಸಂಖ್ಯೆ ಸುದ್ದಿಯಾದ ಹಾಗೆ ಹುಲ್ಲಿನ ಸುದ್ದಿಯೂ ಬರಲಿ. ಮೂರನೆಯದು, ತ್ರಾಲ್ ಕಡೆಗೆ, ಸಿಂಧ್ ಕಣಿವೆ ಕಡೆಗೆ ಹೋಗುವ ದಾರಿಗಳಲ್ಲಿ ಹೊಸ ಕ್ವಾರಿ ಬೇಡ, ಅಲ್ಲಿ ಹಂಗುಲ್ ಕಾಣದಿದ್ದರೂ ಬೇಡ. ನಾಲ್ಕನೆಯದು ಪುಕ್ಕಟೆ. ಪ್ರತಿ ನಕ್ಷೆಯಲ್ಲೂ ಎರಡು ಬಣ್ಣ ಹಾಕಿ. ಒಂದು, ಪ್ರಾಣಿ ಈಗ ಎಲ್ಲಿದೆ. ಇನ್ನೊಂದು, ಮೊದಲು ಎಲ್ಲಿತ್ತು. ಎರಡನೇ ಬಣ್ಣ ಕಣ್ಣಿಗೆ ಬೀಳುತ್ತಿದ್ದರೆ ಮೊದಲನೆಯದನ್ನು 'ಇಷ್ಟ' ಅನ್ನುವುದಕ್ಕೆ ಸ್ವಲ್ಪ ನಾಚಿಕೆ ಆಗುತ್ತೆ.

"ಬೆಂಗಳೂರಲ್ಲಿ ಏಸಿ ಕೆಳಗೆ ಕೂತು ಕಾಶ್ಮೀರದ ಜಿಂಕೆ ಬಗ್ಗೆ ಭಾಷಣ ಬಿಗೀತೀಯಲ್ಲ" ಅಂತ ಕೇಳುವವರಿಗೆ: ಹೌದು, ಬಿಗೀತೀನಿ. ನಾನು ಜೀವಶಾಸ್ತ್ರ ಓದಿದವನಲ್ಲ, ಇಂಜಿನಿಯರಿಂಗ್ ಮುಗಿಸಿ ಕೀಲಿಮಣೆ ಕುಟ್ಟುವವನು. ಆದರೆ ಲಾಗ್ ಓದಿ ತಪ್ಪು ತೀರ್ಮಾನಕ್ಕೆ ಬರುವುದು ಹೇಗೆ ಅನ್ನುವ ವಿಷಯದಲ್ಲಿ ನನಗೆ ಸ್ವಂತ ಅನುಭವ ಇದೆ. ನಾನು ಕಿತ್ತು ಹಾಕಿದ ಪುಟವನ್ನು ಒಂದು ವಾರದಲ್ಲಿ ಸರಿಪಡಿಸಿ ಮತ್ತೆ ಹಾಕಿದೆ; ಆ ಅಂಗಡಿಯವರು ಈಗ ದಿನಾ ಬಳಸುತ್ತಾರೆ. ಅವರು ಫೋನು ಮಾಡಿ ಬೈದರು, ನನಗೆ ಗೊತ್ತಾಯ್ತು. ಹಂಗುಲ್ ಫೋನು ಮಾಡಲ್ಲ.

ಅವತ್ತು ಹೊಳೆಯಾಚೆ ಕೂಗಿದ ಆ ಗಂಡು ಜಿಂಕೆಗೆ ನಾವು ಹೊರಡುವವರೆಗೂ ಯಾರೂ ಉತ್ತರ ಕೊಡಲಿಲ್ಲ. ಆಮೇಲಾದರೂ ಕೊಟ್ಟಿರಬಹುದು ಅಂದುಕೊಂಡಿದ್ದೇನೆ.

ಫೋಟೋಗಳನ್ನು ಮುಂದಿನ ಪೋಸ್ಟಿನಲ್ಲಿ ಹಾಕುತ್ತೇನೆ (ಕರಡಿ ಲದ್ದಿ ಬಿಟ್ಟು!). ಈ ವಿಷಯದಲ್ಲಿ ನಿಮಗೆ ಬೇರೆ ಅಭಿಪ್ರಾಯ ಇದ್ದರೆ ದಯವಿಟ್ಟು ಬರೆಯಿರಿ, ಜಗಳಕ್ಕೆ ನಾನು ರೆಡಿ. ಆದರೆ "ಅದಕ್ಕೆ ಅಲ್ಲೇ ಇಷ್ಟ" ಅನ್ನುವ ಮೊದಲು ಒಂದು ಸಲ, ಬೇರೆ ಬಾಗಿಲು ತೆರೆದಿತ್ತಾ ಅಂತ ನೋಡಿಕೊಂಡು ಬನ್ನಿ.